ಫ್ಯಾರಡೆಯ ದೀಪದಿಂದ ಕಾರಿನ ತಂಪಿನವರೆಗೆ



ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಿ. ಕಾರಿನ ಎ.ಸಿ. ಹಾಕಿದರೂ ಬಿಸಿಗಾಳಿಯೇ ಬರುತ್ತಿದೆ. "ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು" ಎಂಬ ಸಲಹೆ ಕೂಡಲೇ ಕೇಳಿಬರುತ್ತದೆ. ಆದರೆ ಕೆಲವೊಮ್ಮೆ ಗ್ಯಾಸ್ ಸರಿಯಾಗಿಯೇ ಇರುತ್ತದೆ. ದೋಷವಿರುವುದು ಕಾಳಿನಷ್ಟು ಸಣ್ಣದಾದ ಒಂದು ಉಷ್ಣಸಂವೇದಕದಲ್ಲಿ ಅಥವಾ ಅದರ ತಂತಿಯಲ್ಲಿ. ಈ ಪುಟ್ಟ ವಸ್ತುವಿನ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ.

ಲೋಹದ ತಂತಿ ಬಿಸಿಯಾದಂತೆ ಅದರಲ್ಲಿ ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ ಎಂಬುದನ್ನು ಹಂಫ್ರಿ ಡೇವಿ 1821ರಲ್ಲಿ ತೋರಿಸಿದ್ದರು. ಅವರ ಸಹಾಯಕರಾಗಿದ್ದ, ಹಿಂದೆ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತಿದ್ದ ಮೈಕೆಲ್ ಫ್ಯಾರಡೆ 1833ರಲ್ಲಿ ಇದಕ್ಕೆ ವಿರುದ್ಧವಾದ ಸಂಗತಿಯೊಂದನ್ನು ಕಂಡರು. ಬೆಳ್ಳಿಯ ಸಲ್ಫೈಡನ್ನು ದೀಪದಿಂದ ಕಾಯಿಸಿದಾಗ ವಿದ್ಯುತ್ ಹೆಚ್ಚು ಸುಲಭವಾಗಿ ಹರಿಯಿತು. ದೀಪ ತೆಗೆದಾಗ ಹರಿವು ಮತ್ತೆ ಕುಗ್ಗಿತು. ಬಿಸಿಯೇರಿದಂತೆ ರೋಧ ಇಳಿಯುವ ಈ ಗುಣವೇ ಇಂದಿನ ಥರ್ಮಿಸ್ಟರಿನ ಮೂಲ. ಆದರೆ ಪ್ರತಿಯೊಂದೂ ಒಂದೇ ರೀತಿ ವರ್ತಿಸುವಂತೆ ಇವನ್ನು ತಯಾರಿಸುವುದು ಸುಲಭವಾಗಿರಲಿಲ್ಲ. ಬಳಕೆಗೆ ಯೋಗ್ಯವಾದ ಥರ್ಮಿಸ್ಟರ್ ಬರಲು 1930ರ ದಶಕದವರೆಗೆ ಕಾಯಬೇಕಾಯಿತು.

ಅದೇ ದಶಕದ ಕೊನೆಯಲ್ಲಿ ಅಮೆರಿಕದ ಪ್ಯಾಕಾರ್ಡ್ ಸಂಸ್ಥೆ ತನ್ನ 1940ರ ಮಾದರಿಯ ಕಾರುಗಳಲ್ಲಿ ಹವಾನಿಯಂತ್ರಣವನ್ನು ಒದಗಿಸಿತು. ಅದಕ್ಕೆ ಉಷ್ಣತೆಯನ್ನು ಅರಿಯುವ ಯಾವ ಸಾಧನವೂ ಇರಲಿಲ್ಲ. ತಂಪು ಸಾಕೆನಿಸಿ ಅದನ್ನು ಪೂರ್ತಿ ನಿಲ್ಲಿಸಬೇಕಾದರೆ ಕಾರು ನಿಲ್ಲಿಸಿ, ಎಂಜಿನ್ ಮುಚ್ಚಳ ತೆರೆದು, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಿತ್ತು! 1964ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಪರಿಸ್ಥಿತಿ ಬದಲಾಯಿತು. ಚಾಲಕ ತನಗೆ ಬೇಕಾದ ಉಷ್ಣಾಂಶವನ್ನು ಗೊತ್ತುಪಡಿಸಿದರೆ ಸಾಕು. ಥರ್ಮಿಸ್ಟರುಗಳು ಕೊಡುವ ಸೂಚನೆಯಂತೆ ಯಂತ್ರವೇ ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು.

ಇಲ್ಲಿಂದಲೇ ಹೊಸ ಬಗೆಯ ದೋಷವೂ ಹುಟ್ಟಿತು. ಬೆಲ್ಟ್ ಹರಿದರೆ ಕಣ್ಣಿಗೆ ಕಾಣುತ್ತದೆ. ಸಂವೇದಕ ತಪ್ಪು ಹೇಳಿದರೆ ಕಾಣುವುದು ಹೇಗೆ?

ಇದನ್ನು ತಿಳಿಯಲು ನೀವು ಓದಿರುವ ಓಮ್ ನಿಯಮವೇ ಸಾಕು. ಸಾಮಾನ್ಯವಾಗಿ ಕಾರಿನ ನಿಯಂತ್ರಕವು ಒಂದು ಸ್ಥಿರ ರೋಧಕದ ಮೂಲಕ ಸಂವೇದಕಕ್ಕೆ 5 ವೋಲ್ಟ್ ಕಳುಹಿಸಿ, ಸಂವೇದಕದ ತುದಿಗಳಲ್ಲಿರುವ ವೋಲ್ಟೇಜನ್ನು ಅಳೆಯುತ್ತದೆ. ತಣ್ಣಗಿದ್ದರೆ ರೋಧ ಹೆಚ್ಚು, ವೋಲ್ಟೇಜೂ ಹೆಚ್ಚು. ಬಿಸಿಯಾದರೆ ಎರಡೂ ಕಡಿಮೆ. ಈಗ ತಂತಿ ತುಂಡಾಯಿತೆನ್ನಿ. ರೋಧ ಅನಂತವಾಗಿ, ವೋಲ್ಟೇಜು 5ಕ್ಕೆ ಏರುತ್ತದೆ. ನಿಯಂತ್ರಕಕ್ಕೆ ಅದು ಹಿಮಾಲಯದ ಚಳಿಯಂತೆ ತೋರುತ್ತದೆ! ಶೀತಲ ಸುರುಳಿ ಹೆಪ್ಪುಗಟ್ಟಬಾರದೆಂದು ಅದು ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಬದಲಾಗಿ ಎರಡು ತಂತಿಗಳು ಒಂದಕ್ಕೊಂದು ತಗುಲಿದರೆ ವೋಲ್ಟೇಜು ಸೊನ್ನೆಯಾಗಿ, ವಿಪರೀತ ಬಿಸಿಯ ಸೂಚನೆ ಹೋಗುತ್ತದೆ. ಆಗ ಕಂಪ್ರೆಸರ್ ಬಿಡುವಿಲ್ಲದೆ ಓಡಿ, ಸುರುಳಿಯ ಮೇಲೆ ಮಂಜು ಕಟ್ಟಿ, ಗಾಳಿಯ ದಾರಿಯೇ ಮುಚ್ಚಬಹುದು.

ದೋಷ ಪತ್ತೆಯ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ಸಂವೇದಕದ ಜೋಡಣೆಯನ್ನು ಬಿಚ್ಚಿ, ತಂತಿಗಳ ನಡುವಿನ ವೋಲ್ಟೇಜನ್ನು ನೋಡಬೇಕು. ಅದು 5ರ ಹತ್ತಿರಕ್ಕೆ ಏರಬೇಕು. ಬಳಿಕ ಆ ಎರಡು ತಂತಿಗಳನ್ನು ಸಣ್ಣ ತಂತಿಯಿಂದ ಕ್ಷಣಕಾಲ ಕೂಡಿಸಿದರೆ, ನಿಯಂತ್ರಕದ ಬಳಿ ಅಳೆದಾಗ ವೋಲ್ಟೇಜು ಸೊನ್ನೆಯ ಸಮೀಪಕ್ಕೆ ಇಳಿಯಬೇಕು. ಎರಡೂ ಹೀಗೆಯೇ ನಡೆದರೆ ತಂತಿ, ನಿಯಂತ್ರಕಗಳು ಸರಿಯಾಗಿವೆ. ಅನುಮಾನ ಸಂವೇದಕದ ಮೇಲೆ. ನಡೆಯದಿದ್ದರೆ ಹೊಸ ಸಂವೇದಕ ಹಾಕಿಯೂ ಪ್ರಯೋಜನವಿಲ್ಲ. ತಂತಿ, ಜೋಡಣೆ, ನಿಯಂತ್ರಕಗಳನ್ನೇ ಪರೀಕ್ಷಿಸಬೇಕು. ಇದನ್ನು ಕಾರಿನಲ್ಲಿ ಮಾಡುವುದು ತರಬೇತಿ ಪಡೆದವರ ಕೆಲಸ. ಗುರುತು ತಿಳಿಯದ ತಂತಿಗಳನ್ನು, ಅದರಲ್ಲೂ ಏರ್‌ಬ್ಯಾಗಿನ ತಂತಿಗಳನ್ನು, ನೀವು ಎಂದೂ ಮುಟ್ಟಬೇಡಿ.

ಇಷ್ಟು ಶ್ರಮ ಏಕೆ, ಗ್ಯಾಸ್ ತುಂಬಿಸಿದರಾಗದೆ ಎಂದು ನೀವು ಕೇಳಬಹುದು. ಹಿಂದಿನ ಕಾರುಗಳಲ್ಲಿ ಬಳಸುತ್ತಿದ್ದ ಆರ್-12 ಅನಿಲ ಓಝೋನ್ ಪದರವನ್ನು ಹಾಳುಮಾಡುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಬಳಕೆಯಿಂದ ಹೊರಗಾಯಿತು. ಅದರ ಬದಲಿಗೆ ಬಂದ ಆರ್-134ಎ ಓಝೋನನ್ನು ಕೆಡಿಸದಿದ್ದರೂ, ಭೂಮಿಯ ತಾಪವನ್ನು ಹೆಚ್ಚಿಸುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಸರಿಯಾಗಿರುವ ಗ್ಯಾಸನ್ನು ಗಾಳಿಗೆ ಬಿಟ್ಟು ಹೊಸದನ್ನು ತುಂಬಿದರೆ, ತುಂಡಾದ ತಂತಿ ತುಂಡಾಗಿಯೇ ಉಳಿಯುತ್ತದೆ. ಹಣವೂ ಹೋಗುತ್ತದೆ, ವಾತಾವರಣವೂ ಕೆಡುತ್ತದೆ.

ಫ್ಯಾರಡೆ ಮಾಡಿದ ಪರೀಕ್ಷೆಯ ಬಗೆಯನ್ನು ನೀವೂ ಮಾಡಿ ನೋಡಬಹುದು. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ 10 ಕಿಲೋ ಓಮಿನ, ನೀರು ತಾಗದಂತೆ ಹೊದಿಕೆಯಿರುವ ಎನ್.ಟಿ.ಸಿ. ಥರ್ಮಿಸ್ಟರ್ ಕೇಳಿ. ಶಾಲೆಯ ಮಲ್ಟಿಮೀಟರಿಗೆ ಅದನ್ನು ಜೋಡಿಸಿ. 25 ಡಿಗ್ರಿಯಲ್ಲಿ ಅದರ ರೋಧ ಸುಮಾರು 10,000 ಓಮ್. ಐಸ್ ಹಾಕಿದ ಲೋಟದ ನೀರಿನಲ್ಲಿ ಮುಳುಗಿಸಿದರೆ ಅದು ಸುಮಾರು ಮೂರು ಪಟ್ಟಾಗುತ್ತದೆ. ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರೆ ಅಂಕಿ ಇಳಿಯತೊಡಗುತ್ತದೆ. ಬಿಸಿಯಾಗಲಿ, ತಂಪಾಗಲಿ ಅಂಕಿ ಕದಲದಿದ್ದರೆ, ಅದು ಕೆಟ್ಟ ಸಂವೇದಕವೆಂದು ನೀವೇ ಹೇಳಬಲ್ಲಿರಿ.