ಟ್ರ್ಯಾಕ್ಟರ್–ಟ್ರೇಲರ್ ಕೊಂಡಿಯ ಎತ್ತರ

ಟ್ರ್ಯಾಕ್ಟರ್–ಟ್ರೇಲರ್ ಕೊಂಡಿಯ ಎತ್ತರ ಎಂದರೆ ಟ್ರ್ಯಾಕ್ಟರು ಟ್ರೇಲರನ್ನು ಯಾವ ಬಿಂದುವಿನಲ್ಲಿ ಹಿಡಿದು ಎಳೆಯುತ್ತದೆಯೋ ಆ ಬಿಂದುವಿಗೆ ನೆಲಮಟ್ಟದಿಂದ ಇರುವ ಅಂತರ. ಎರಡೂ ವಾಹನಗಳ ಜೋಡಣೆಯ ಬಿಂದುಗಳು ಒಂದೇ ಮಟ್ಟಕ್ಕೆ ಬರುವಂತೆ ಮಾಡುವುದನ್ನು ಕೊಂಡಿಯ ಎತ್ತರದ ಹೊಂದಾಣಿಕೆ ಎನ್ನಲಾಗುತ್ತದೆ. ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲದ ಮೇಲೆ ಒತ್ತಿ ನಿಲ್ಲುವುದು, ಸ್ಟಿಯರಿಂಗಿಗೆ ವಾಹನ ಓಗೊಡುವುದು ಮತ್ತು ಬ್ರೇಕಿನ ಹಿಡಿತ ಇವೆಲ್ಲವೂ ಈ ಎತ್ತರವನ್ನು ಅವಲಂಬಿಸಿವೆ. ಎತ್ತರ ಹೊಂದದಿದ್ದಾಗ ಟ್ರ್ಯಾಕ್ಟರಿನ ಕೊಂಡಿಯನ್ನು ಮೇಲಕ್ಕೇರಿಸುವ ಬದಲು ಟ್ರೇಲರಿನ ಕಡೆಯ ಜೋಡಣೆಯನ್ನು ಸರಿಪಡಿಸುವುದು ಸುರಕ್ಷಿತ ಕ್ರಮವಾಗಿದೆ.

ಹಿನ್ನೆಲೆ

ವಿಜಯಪುರ ಜಿಲ್ಲೆಯಲ್ಲಿ ಕಬ್ಬಿನ ಸಾಗಣೆಗೆ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಮುಖ್ಯ ಸಾಧನಗಳಾಗಿವೆ. ಸಾಲೋಟಗಿ ಗ್ರಾಮವಿರುವ ಇಂಡಿ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಭೀಮಾ ನದಿ ಹರಿಯುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಇಂಡಿ ಶಾಖಾ ಕಾಲುವೆಯೂ ಈ ಭಾಗಕ್ಕೆ ನೀರೊದಗಿಸುತ್ತದೆ. ಇದೇ ತಾಲ್ಲೂಕಿನ ಮರಗೂರಿನಲ್ಲಿ ಶ್ರೀ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ತುಂಬಿದ ಟ್ರೇಲರುಗಳು ಎರೆ ಭೂಮಿಯ ಹೊಲಗಳಿಂದ ಒಡ್ಡು ದಾಟಿ, ಕಚ್ಚಾ ರಸ್ತೆ ಹಿಡಿದು ಡಾಂಬರು ರಸ್ತೆಗೆ ಬರುತ್ತವೆ. ಮೃದುವಾದ ನೆಲದಲ್ಲಿ ಗಾಲಿ ಹೂತಾಗ ಮತ್ತು ಒಡ್ಡಿನ ಏರನ್ನು ಹತ್ತುವಾಗ ಎಳೆತದ ಬಲ ಹೆಚ್ಚು ಬೇಕಾಗುತ್ತದೆ. ಕೊಂಡಿಯ ಎತ್ತರದಲ್ಲಿರುವ ದೋಷ ಪ್ರಕಟವಾಗುವುದೂ ಇಂಥ ಜಾಗಗಳಲ್ಲಿಯೇ.

ಟ್ರೇಲರಿನ ವಿಧಗಳು

ಟ್ರೇಲರಿನಿಂದ ಮುಂದಕ್ಕೆ ಚಾಚಿ ಟ್ರ್ಯಾಕ್ಟರನ್ನು ಸೇರುವ ಭಾಗವನ್ನು ಈ ಲೇಖನದಲ್ಲಿ ಎಳೆದಂಡ ಎಂದು ಕರೆಯಲಾಗಿದೆ. ಅದರ ತುದಿಯಲ್ಲಿ ಕಬ್ಬಿಣದ ಬಳೆ ಇರುತ್ತದೆ. ಬಳೆಯನ್ನು ಟ್ರ್ಯಾಕ್ಟರಿನ ಕೊಂಡಿಯಲ್ಲಿ ಕೂರಿಸಿ ಪಿನ್ನು ಹಾಕಲಾಗುತ್ತದೆ. ಎತ್ತರದ ಪರಿಣಾಮವು ಟ್ರೇಲರಿನ ವಿಧಕ್ಕೆ ತಕ್ಕಂತೆ ಬೇರೆಯಾಗುತ್ತದೆ.

ಎರಡು ಗಾಲಿಯ ಟ್ರೇಲರಿಗೆ ಒಂದೇ ಅಚ್ಚು. ಅದರ ಎಳೆದಂಡವು ಚೌಕಟ್ಟಿಗೆ ಬಿಗಿಯಾಗಿ ಸೇರಿಕೊಂಡಿರುತ್ತದೆ. ಹೊರೆಯ ಒಂದು ಪಾಲು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಕೂರುತ್ತದೆ. ಎತ್ತಿನ ಚಕ್ಕಡಿಯಲ್ಲಿಯೂ ಇದೇ ತತ್ತ್ವವಿದೆ: ಮುಂದೆ ಭಾರ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲಕ್ಕೇಳುತ್ತದೆ.

ನಾಲ್ಕು ಗಾಲಿಯ ಟ್ರೇಲರಿಗೆ ಎರಡು ಅಚ್ಚುಗಳು. ಮುಂದಿನ ಅಚ್ಚು ತಿರುಗುಚಕ್ರದ ಮೇಲೆ ಕೂತಿದ್ದು, ಎಳೆದಂಡವು ಅದಕ್ಕೆ ಕೀಲಿನಿಂದ ಸೇರಿರುತ್ತದೆ. ಹೊರೆಯನ್ನೆಲ್ಲ ಅದರ ಗಾಲಿಗಳೇ ಹೊರುವುದರಿಂದ ನಿಂತಾಗ ಕೊಂಡಿಯ ಮೇಲೆ ಬೀಳುವ ಭಾರ ಬಹಳ ಕಡಿಮೆ. ಇಲ್ಲಿ ಎತ್ತರ ಹೊಂದದಿದ್ದರೆ ಟ್ರೇಲರು ವಾಲುವುದಿಲ್ಲ, ಎಳೆದಂಡ ಮಾತ್ರ ಓರೆಯಾಗುತ್ತದೆ.

ಎತ್ತರ ಮತ್ತು ಭಾರದ ವರ್ಗಾವಣೆ

ಟ್ರ್ಯಾಕ್ಟರು ಎಳೆಯತೊಡಗಿದಾಗ ಮುಂದಿನ ಗಾಲಿಗಳ ಮೇಲಿನ ಭಾರದ ಒಂದು ಭಾಗ ಹಿಂದಿನ ಗಾಲಿಗಳಿಗೆ ವರ್ಗವಾಗುತ್ತದೆ. ಸಮತಟ್ಟಾದ ನೆಲದಲ್ಲಿ ಈ ಪ್ರಮಾಣವನ್ನು ಹೀಗೆ ಲೆಕ್ಕ ಹಾಕಬಹುದು: ಎಳೆತದ ಬಲವನ್ನು ಕೊಂಡಿಯ ಎತ್ತರದಿಂದ ಗುಣಿಸಿ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರದಿಂದ ಭಾಗಿಸಬೇಕು. ಎತ್ತರ ಎಷ್ಟು ಪಟ್ಟು ಹೆಚ್ಚುತ್ತದೆಯೋ ವರ್ಗಾವಣೆಯೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ಉದಾಹರಣೆಗೆ, 2000 ಕಿ.ಗ್ರಾಂ ತೂಕದ ಟ್ರ್ಯಾಕ್ಟರೊಂದರ ಮುಂದಿನ ಗಾಲಿಗಳ ಮೇಲೆ 800 ಕಿ.ಗ್ರಾಂ ಇದೆ, ಅಚ್ಚುಗಳ ಅಂತರ 2 ಮೀಟರ್ ಎಂದು ಇಟ್ಟುಕೊಳ್ಳೋಣ. 1000 ಕಿ.ಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯುವಾಗ ಕೊಂಡಿ 0.5 ಮೀಟರ್ ಎತ್ತರದಲ್ಲಿದ್ದರೆ 250 ಕಿ.ಗ್ರಾಂ ಹಿಂದಕ್ಕೆ ಸರಿಯುತ್ತದೆ. ಅದೇ ಕೊಂಡಿ 0.9 ಮೀಟರ್ ಎತ್ತರದಲ್ಲಿದ್ದರೆ 450 ಕಿ.ಗ್ರಾಂ ಸರಿಯುತ್ತದೆ. ಎರಡು ಗಾಲಿಯ ಟ್ರೇಲರು ಹಿಂದಿನ ಅಚ್ಚಿನಿಂದ 0.6 ಮೀಟರ್ ಹಿಂದಿರುವ ಕೊಂಡಿಯ ಮೇಲೆ 500 ಕಿ.ಗ್ರಾಂ ಒತ್ತಿದರೆ ಮುಂದಿನ ಗಾಲಿಗಳಿಂದ ಇನ್ನೂ 150 ಕಿ.ಗ್ರಾಂ ಕಡಿಮೆಯಾಗುತ್ತದೆ. ಮೊದಲನೆಯ ಸಂದರ್ಭದಲ್ಲಿ ಮುಂದೆ 400 ಕಿ.ಗ್ರಾಂ ಉಳಿದರೆ, ಎರಡನೆಯದರಲ್ಲಿ 200 ಕಿ.ಗ್ರಾಂ ಮಾತ್ರ ಉಳಿಯುತ್ತದೆ.

ಸ್ಟಿಯರಿಂಗ್ ಹಿಡಿತಕ್ಕೆ ಟ್ರ್ಯಾಕ್ಟರಿನ ತೂಕದ ಶೇ. 20ರಷ್ಟಾದರೂ ಮುಂದಿನ ಗಾಲಿಗಳ ಮೇಲೆ ಇರಬೇಕೆಂಬುದು ಸಾಮಾನ್ಯವಾಗಿ ಅನುಸರಿಸುವ ನಿಯಮ. ಮೇಲಿನ ಟ್ರ್ಯಾಕ್ಟರಿಗೆ ಇದು 400 ಕಿ.ಗ್ರಾಂ. ಹೀಗಾಗಿ ಕೊಂಡಿ ತಗ್ಗಿದ್ದಾಗ ಅದು ಮಿತಿಯ ಅಂಚಿನಲ್ಲಿರುತ್ತದೆ, ಎತ್ತರದಲ್ಲಿದ್ದಾಗ ಮಿತಿಯನ್ನು ಮೀರುತ್ತದೆ. ಏರು ಹತ್ತುವಾಗ ಮುಂದಿನ ಭಾರ ಮತ್ತಷ್ಟು ಇಳಿಯುತ್ತದೆ.

ಕೊಂಡಿಯು ಹಿಂದಿನ ಅಚ್ಚಿನ ಮಟ್ಟಕ್ಕಿಂತ ಮೇಲಿದ್ದರೆ ಟ್ರ್ಯಾಕ್ಟರು ಹಿಮ್ಮುಖವಾಗಿ ಮಗುಚುವ ಅಪಾಯವಿದೆ. ಮುಂಭಾಗ ಮೇಲೆದ್ದ ನಂತರ ಒಂದೆರಡು ಸೆಕೆಂಡುಗಳಲ್ಲಿಯೇ ಮಗುಚುವಿಕೆ ಮುಗಿಯುವುದರಿಂದ ಚಾಲಕನಿಗೆ ಕ್ಲಚ್ ಒತ್ತಲು ಅಥವಾ ಜಿಗಿಯಲು ಸಮಯ ಸಿಗುವುದಿಲ್ಲ. ಆದುದರಿಂದ ಮೇಲಿನ ಲಿಂಕಿನ ಜಾಗಕ್ಕಾಗಲಿ, ಹಿಂದಿನ ಅಚ್ಚಿನ ಕವಚಕ್ಕಾಗಲಿ ಸರಪಳಿ ಕಟ್ಟಿ ಎಳೆಯಬಾರದು.

ಎಳೆದಂಡದ ಓರೆ

ಕೀಲಿರುವ ಎಳೆದಂಡದಲ್ಲಿ ಬಲವು ದಂಡದ ಉದ್ದಕ್ಕೂ ಸಾಗುತ್ತದೆ. ಟ್ರ್ಯಾಕ್ಟರಿನ ತುದಿ ಮೇಲಿದ್ದು ಟ್ರೇಲರಿನ ತುದಿ ಕೆಳಗಿದ್ದರೆ, ಎಳೆಯುವಾಗ ಕೊಂಡಿಯು ಕೆಳಕ್ಕೆ ಜಗ್ಗಲ್ಪಡುತ್ತದೆ. ಹಿಂದಿನ ಗಾಲಿಗಳಿಗೆ ಹಿಡಿತ ಹೆಚ್ಚಿದಂತೆ ತೋರಿದರೂ ಮುಂಭಾಗ ಹಗುರಾಗುತ್ತದೆ. ಬ್ರೇಕ್ ಒತ್ತಿದಾಗ ಇದು ತಿರುವುಮುರುವಾಗುತ್ತದೆ. ಹಿಂದಿನಿಂದ ನೂಕುವ ಟ್ರೇಲರು ಕೊಂಡಿಯನ್ನು ಮುಂದಕ್ಕೂ ಮೇಲಕ್ಕೂ ತಳ್ಳುತ್ತದೆ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಆ ಗಾಲಿಗಳೇ ಹಗುರಾದರೆ ಇಳಿಜಾರಿನಲ್ಲಿ ಅವು ಜಾರಿ, ಟ್ರ್ಯಾಕ್ಟರು ಅಡ್ಡ ತಿರುಗಬಹುದು.

ಟ್ರ್ಯಾಕ್ಟರಿನ ತುದಿ ಬಹಳ ಕೆಳಗಿದ್ದರೆ ಎಳೆಯುವಾಗ ಹಿಂದಿನ ಗಾಲಿಗಳ ಮೇಲಿನ ಒತ್ತಡ ತಗ್ಗಿ, ಅವು ನಿಂತಲ್ಲೇ ತಿರುಗತೊಡಗುತ್ತವೆ. ಆದ್ದರಿಂದ ಎಳೆದಂಡವು ನೆಲಕ್ಕೆ ಸಮಾನಾಂತರವಾಗಿರುವುದು ಎರಡೂ ಸಂದರ್ಭಗಳಿಗೆ ಉತ್ತಮ.

ಎರಡು ಗಾಲಿಯ ಟ್ರೇಲರಿನಲ್ಲಿ ಎತ್ತರದ ವ್ಯತ್ಯಾಸ ಇಡೀ ಹೊರೆಯನ್ನೇ ವಾಲಿಸುತ್ತದೆ. ಅಚ್ಚಿನಿಂದ ಕೊಂಡಿಗೆ 3 ಮೀಟರ್ ಉದ್ದವಿದ್ದು ಕೊಂಡಿ 26 ಸೆಂ.ಮೀ ಮೇಲಿದ್ದರೆ ಟ್ರೇಲರು ಸುಮಾರು 5 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಕಬ್ಬಿನ ಹೊರೆಯ ಗುರುತ್ವಕೇಂದ್ರವು ಅಚ್ಚಿಗಿಂತ 1.5 ಮೀಟರ್ ಮೇಲಿದ್ದರೆ ಅದು ಸುಮಾರು 13 ಸೆಂ.ಮೀ ಹಿಂದೆ ಸರಿಯುತ್ತದೆ. ಹೊರೆ 5000 ಕಿ.ಗ್ರಾಂ ಆಗಿದ್ದರೆ ಕೊಂಡಿಯ ಮೇಲಿನ ಭಾರದಲ್ಲಿ ಸುಮಾರು 220 ಕಿ.ಗ್ರಾಂ ಕಡಿಮೆಯಾಗುತ್ತದೆ. ಹೊರೆಯನ್ನು ಹಿಂದಕ್ಕೆ ಹೆಚ್ಚು ಪೇರಿಸಿದ್ದರೆ ಟ್ರೇಲರು ಟ್ರ್ಯಾಕ್ಟರಿನ ಹಿಂಭಾಗವನ್ನೇ ಮೇಲಕ್ಕೆತ್ತಬಹುದು.

ಅಳೆಯುವ ಕ್ರಮ

1. ಎರಡೂ ವಾಹನಗಳನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಟೈರುಗಳಲ್ಲಿ ತಯಾರಕರು ಸೂಚಿಸಿದಷ್ಟು ಗಾಳಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.
2. ನೆಲದಿಂದ ಟ್ರ್ಯಾಕ್ಟರಿನ ಕೊಂಡಿಯವರೆಗೆ ಅಳೆಯಬೇಕು.
3. ಎರಡು ಗಾಲಿಯ ಟ್ರೇಲರಾದರೆ, ಚೌಕಟ್ಟಿನ ಮುಂದಿನ ಮತ್ತು ಹಿಂದಿನ ತುದಿಗಳು ನೆಲದಿಂದ ಸಮಾನ ಎತ್ತರಕ್ಕೆ ಬರುವಂತೆ ಎಳೆದಂಡಕ್ಕೆ ಜಾಕ್ ಕೊಟ್ಟು, ಬಳೆಯ ಎತ್ತರವನ್ನು ಅಳೆಯಬೇಕು. ನಾಲ್ಕು ಗಾಲಿಯದಾದರೆ ಎಳೆದಂಡವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಅಳೆಯಬೇಕು.
4. ಹೊರೆ ತುಂಬಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಭಾರಕ್ಕೆ ಟೈರುಗಳೂ ಸ್ಪ್ರಿಂಗುಗಳೂ ಕುಗ್ಗುವುದರಿಂದ ಖಾಲಿ ಇದ್ದಾಗ ಹೊಂದಿದ್ದ ಎತ್ತರ ಆಗ ಬದಲಾಗಿರುತ್ತದೆ.

ಹೊಂದಿಸುವ ವಿಧಾನಗಳು

ಕೆಲವು ಟ್ರ್ಯಾಕ್ಟರುಗಳಲ್ಲಿ ಕೊಂಡಿಯನ್ನು ಬೇರೆಬೇರೆ ರಂಧ್ರಗಳಿಗೆ ಸೇರಿಸಿ ಎತ್ತರ ಬದಲಿಸುವ ಅವಕಾಶವಿರುತ್ತದೆ. ಇದನ್ನು ತಯಾರಕರ ಕೈಪಿಡಿ ಹೇಳಿದ ಮಿತಿಯೊಳಗೆ ಮಾತ್ರ ಬಳಸಬೇಕು. ಅದರಾಚೆಗೆ ಬೇಕಾಗುವ ವ್ಯತ್ಯಾಸವನ್ನು ಟ್ರೇಲರಿನಲ್ಲಿ ಮಾಡಬೇಕು. ಎಳೆದಂಡದ ತುದಿಯ ಬಳೆಯನ್ನು ಮೇಲೆ ಅಥವಾ ಕೆಳಗೆ ಕೂರಿಸುವುದು, ಅಚ್ಚು ಮತ್ತು ಚೌಕಟ್ಟಿನ ನಡುವಿನ ಅಂತರ ಬದಲಿಸುವುದು, ಟೈರಿನ ಅಳತೆ ಬದಲಿಸುವುದು ಇದರಲ್ಲಿ ಸೇರಿವೆ. ಬಳೆಯ ಭಾಗಕ್ಕೆ ಎಳೆತದ ಬಲವೆಲ್ಲ ಬೀಳುವುದರಿಂದ ಅಲ್ಲಿನ ವೆಲ್ಡಿಂಗ್ ದುರ್ಬಲವಾಗಿರಬಾರದು. ಮುಂಭಾಗಕ್ಕೆ ಹೆಚ್ಚುವರಿ ತೂಕದ ಗುಂಡುಗಳನ್ನು ಸೇರಿಸುವುದು ಸಹಾಯಕವಾದರೂ ಎತ್ತರದ ದೋಷಕ್ಕೆ ಅದು ಪರಿಹಾರವಲ್ಲ.

ಜೋಡಿ ಟ್ರೇಲರುಗಳು

ಕಬ್ಬಿನ ಸಾಗಣೆಯಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರುಗಳನ್ನು ಕಟ್ಟುವುದು ಸಾಮಾನ್ಯ. ಆಗ ಎರಡನೆಯ ಟ್ರೇಲರಿನ ಎಳೆದಂಡವು ಮೊದಲನೆಯದರ ಹಿಂದಿನ ಕೊಂಡಿಗೆ ಸೇರುತ್ತದೆ. ಆ ಜೋಡಣೆಯನ್ನೂ ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ. ಮುಂದಿನ ಕೊಂಡಿಯ ಮೇಲೆ ಎರಡೂ ಟ್ರೇಲರುಗಳ ಎಳೆತ ಒಟ್ಟಾಗಿ ಬೀಳುವುದರಿಂದ ಅಲ್ಲಿ ಎತ್ತರದ ಸಣ್ಣ ದೋಷವೂ ದೊಡ್ಡ ಪರಿಣಾಮ ಬೀರುತ್ತದೆ.

ಪಿಕಪ್ ವಾಹನ ಮತ್ತು ಫಿಫ್ತ್ ವೀಲ್ ಕೊಂಡಿ

ಉತ್ತರ ಅಮೆರಿಕದಲ್ಲಿ ವಾಸದ ಟ್ರೇಲರುಗಳನ್ನು ಪಿಕಪ್ ಟ್ರಕ್ಕಿಗೆ ಫಿಫ್ತ್ ವೀಲ್, ಅಂದರೆ ಐದನೇ ಚಕ್ರ ಎಂಬ ಕೊಂಡಿಯಿಂದ ಜೋಡಿಸುತ್ತಾರೆ. ಕುದುರೆಗಾಡಿಯ ಮುಂದಿನ ಅಚ್ಚಿನ ಮೇಲೆ ಅಡ್ಡಲಾಗಿ ಕೂರಿಸುತ್ತಿದ್ದ ತಿರುಗುಚಕ್ರದಿಂದ ಈ ಹೆಸರು ಬಂದಿದೆ. ಭಾರತದ ಹೆದ್ದಾರಿಗಳಲ್ಲಿ ಓಡಾಡುವ ಕಂಟೇನರ್ ಲಾರಿಗಳ ಜೋಡಣೆಯೂ ಇದೇ ತತ್ತ್ವದ್ದು. ಅವುಗಳ ಕಿಂಗ್‌ಪಿನ್ನಿನ ಪ್ರಮಾಣಿತ ಅಳತೆಗಳು 50 ಮತ್ತು 90 ಮಿ.ಮೀ.

ಈ ಕೊಂಡಿಯು ಹಿಂದಿನ ಅಚ್ಚಿನ ನೇರ ಮೇಲೆ ಅಥವಾ ತುಸು ಮುಂದೆ ಇರುವುದರಿಂದ, ಅದರ ಮೇಲೆ ಕೂರುವ ಭಾರ ಮುಂದಿನ ಗಾಲಿಗಳನ್ನು ಹಗುರ ಮಾಡುವುದಿಲ್ಲ. ಟ್ರೇಲರಿನ ತೂಕದ ಸುಮಾರು ಶೇ. 15ರಿಂದ 25ರಷ್ಟು ಕೊಂಡಿಯ ಮೇಲೆ ಇರುತ್ತದೆ. ಇಲ್ಲಿ ಎತ್ತರ ಹೊಂದಿಸುವಾಗ ಎರಡು ಅಂಶಗಳನ್ನು ನೋಡಲಾಗುತ್ತದೆ: ಟ್ರೇಲರು ನೆಲಕ್ಕೆ ಸಮಾನಾಂತರವಾಗಿ ನಿಲ್ಲುವುದು, ಮತ್ತು ಪಿಕಪ್ಪಿನ ಸರಕುಪೆಟ್ಟಿಗೆಯ ಅಂಚಿಗೂ ಅದರ ಮೇಲೆ ಚಾಚಿದ ಟ್ರೇಲರಿನ ತಳಕ್ಕೂ ನಡುವೆ ಸುಮಾರು 6 ಇಂಚು, ಅಂದರೆ 15 ಸೆಂ.ಮೀ ತೆರಪು ಉಳಿಯುವುದು. ತೆರಪು ಸಾಲದಿದ್ದರೆ ಉಬ್ಬುತಗ್ಗಿನ ರಸ್ತೆಯಲ್ಲಿ ಎರಡೂ ಒಂದಕ್ಕೊಂದು ಬಡಿಯುತ್ತವೆ. ತೆರಪಿಗಾಗಿ ಕೊಂಡಿಯನ್ನು ಅತಿಯಾಗಿ ಏರಿಸಿದರೆ ಟ್ರೇಲರಿನ ಮುಂಭಾಗ ಮೇಲೆದ್ದು, ಅದರ ಹಿಂದಿನ ಅಚ್ಚಿನ ಮೇಲೆ ಹೆಚ್ಚು ಭಾರ ಬೀಳಬಹುದು. ಅಂಥ ಸಂದರ್ಭದಲ್ಲಿ ಟ್ರೇಲರಿನ ಕಿಂಗ್‌ಪಿನ್ ಪೆಟ್ಟಿಗೆಯನ್ನು ಬೇರೆ ರಂಧ್ರಗಳಿಗೆ ಸರಿಸಿ ಅಥವಾ ಟ್ರೇಲರಿನ ಅಚ್ಚು–ಸ್ಪ್ರಿಂಗುಗಳ ಜೋಡಣೆಯನ್ನು ಬದಲಿಸಿ ಮಟ್ಟವನ್ನು ಸರಿಪಡಿಸಲಾಗುತ್ತದೆ.