ಹಳ್ಳಿಯ ಹಾಡಿನ ಧಾಟಿ

ಜನಪದ ಗೀತದಲ್ಲಿ ಮಾತು ಒಂದು, ಧಾಟಿ ಒಂದು. ಮಾತನ್ನು ಕೇಳಿದವನು ಬರೆದಿಡಬಲ್ಲನು. ಧಾಟಿಯಾದರೋ ಹಾಡುವವರ ಕಂಠವನ್ನೇ ಆಶ್ರಯಿಸಿರುವುದರಿಂದ ಆ ಕಂಠದೊಡನೆಯೇ ಅಳಿದುಹೋಗುವ ಭಯವುಂಟು. ಇವೆರಡರಲ್ಲಿ ಯಾವ ನಾಡು ಯಾವುದನ್ನು ಉಳಿಸಿಕೊಂಡಿತೆಂಬುದು ಆ ನಾಡಿನ ಚರಿತ್ರೆಯನ್ನು ಅವಲಂಬಿಸಿದೆ. ನಮ್ಮ ಶಿವಮೊಗ್ಗೆ ಭದ್ರಾವತಿಗಳ ಸೀಮೆಯ ಸಂಗತಿಯನ್ನು ಅರಿಯುವ ಮುನ್ನ ದೂರದ ದ್ವೀಪಸಮೂಹವೊಂದರ ಕಡೆಗೆ ದೃಷ್ಟಿ ಹರಿಸುವುದು ಉಪಯುಕ್ತವಾದೀತು.

ಫಿಲಿಪೈನ್ಸ್ ದ್ವೀಪಗಳು 1565ರಿಂದ 1898ರ ವರೆಗೆ ಸ್ಪೇನ್ ದೇಶದವರ ಆಳಿಕೆಯಲ್ಲಿದ್ದುವು. ಇಗರ್ಜಿಗಳ ಮೂಲಕ ಪಾಶ್ಚಾತ್ಯ ಸಂಗೀತವು ಅಲ್ಲಿ ಬೇರೂರಿತು. ಅನುಕೂಲಸ್ಥರ ಮನೆಗಳಲ್ಲಿ ಪಿಯಾನೋ ವಾದ್ಯವು ನೆಲೆಗೊಂಡಿತು. 1916ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಸಂಗೀತ ವಿದ್ಯಾಲಯವು ಸ್ಥಾಪಿತವಾಯಿತು. ಅದರ ಆಶ್ರಯದಲ್ಲಿ ಬೆಳಗಿದ ಫ್ರಾನ್ಸಿಸ್ಕೋ ಸ್ಯಾಂಟಿಯಾಗೋ (1889–1947) ಮತ್ತು ನಿಕನೋರ್ ಅಬೆಲಾರ್ಡೋ (1893–1934) ಎಂಬಿಬ್ಬರು ‘ಕುಂಡಿಮಾನ್’ ಎಂಬ ದೇಶೀಯ ಪ್ರೇಮಗೀತವನ್ನು ಪಿಯಾನೋದೊಡನೆ ಹಾಡುವ ಶಾಸ್ತ್ರೀಯ ರಚನೆಯನ್ನಾಗಿ ಬೆಳೆಸಿದರು. ವಿಷಾದದ ಛಾಯೆಯಲ್ಲಿ ಆರಂಭವಾಗಿ ಪ್ರಸನ್ನತೆಯ ಕಡೆಗೆ ತಿರುಗುವುದು ಆ ಗೀತದ ಲಕ್ಷಣ. ಮುಂದೆ 1930ರ ದಶಕದಲ್ಲಿ ಆಂಟೊನಿನೋ ಬ್ಯುನವೆಂಚುರಾ ಎಂಬ ಸಂಗೀತಗಾರರು ನೃತ್ಯವಿದುಷಿ ಫ್ರಾನ್ಸಿಸ್ಕಾ ರೇಯೆಸ್ ಅವರೊಡನೆ ನಾಡನ್ನು ಸುತ್ತಿ ಹಳ್ಳಿಗರ ಹಾಡು ಕುಣಿತಗಳನ್ನು ಸಂಗ್ರಹಿಸಿದರು. ಧಾಟಿಯನ್ನು ಸ್ವರಲಿಪಿಯಲ್ಲಿ ಬರೆಯಬಲ್ಲವರೇ ಹಳ್ಳಿಗೆ ಹೋದುದು ಅಲ್ಲಿಯ ಭಾಗ್ಯ.

ಪಿಯಾನೋ ನಮ್ಮ ನಾಡಿಗೂ ಬಾರದೆ ಇರಲಿಲ್ಲ. ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು (1919–1974) ಆ ವಾದ್ಯದಲ್ಲಿ ಪರಿಣತರಾಗಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಪಡೆದರು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳ ಧ್ವನಿಮುದ್ರಣವು ಅವರ ದ್ರವ್ಯಸಹಾಯದಿಂದಲೇ ನಡೆಯಿತು. ಅದೇ ಪ್ರಭುಗಳು ಕರ್ಣಾಟಕ ಪದ್ಧತಿಯಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ಹೀಗೆ ಅರಮನೆಯಲ್ಲಿ ಎರಡು ಮಹಾಸಂಪ್ರದಾಯಗಳು ಒಂದೇ ಮನಸ್ಸಿನಲ್ಲಿ ನೆಲೆಸಿದ್ದುವು. ಆದರೆ ಹಳ್ಳಿಯ ಧಾಟಿಗೆ ಆ ರಚನೆಗಳಲ್ಲಿ ಎಡೆಯಿರಲಿಲ್ಲ.

ಇದಕ್ಕೆ ವಾದ್ಯದ ಅಸಾಮರ್ಥ್ಯವನ್ನು ಕಾರಣವಾಗಿ ಹೇಳುವವರುಂಟು. ಪಿಯಾನೋವಿನಲ್ಲಿ ಸ್ಥಾಯಿಯೊಂದಕ್ಕೆ ಹನ್ನೆರಡೇ ಸ್ವರಸ್ಥಾನಗಳು. ಒಂದರಿಂದ ಇನ್ನೊಂದಕ್ಕೆ ಜಾರುವ ಗಮಕವು ಅದರಲ್ಲಿ ಸಾಧ್ಯವಿಲ್ಲವೆಂಬುದು ನಿಜ. ಆದರೆ ಬೀಸುವಾಗ, ನೆಡುವಾಗ ಹಾಡುವ ಎಷ್ಟೋ ಧಾಟಿಗಳು ನಾಲ್ಕೈದು ಸ್ವರಗಳ ಎಲ್ಲೆಯನ್ನು ಮೀರುವುದಿಲ್ಲ. ಗಮಕದ ಸೊಗಸು ಹೋದರೂ ಧಾಟಿಯ ಅಸ್ಥಿಯನ್ನಾದರೂ ಆ ವಾದ್ಯವು ಹಿಡಿದಿಡುತ್ತಿತ್ತು. ನಿಜವಾದ ಕೊರತೆಯೆಂದರೆ, ಸ್ವರವನ್ನು ಬರೆಯಬಲ್ಲವರು ಹಳ್ಳಿಯ ಹಾಡಿಗೆ ಕಿವಿಗೊಟ್ಟುದು ಅಪೂರ್ವ. ಆ ಹಾಡನ್ನು ನಿತ್ಯ ಕೇಳಿದವರಿಗೆ ಸ್ವರಲಿಪಿಯ ಪರಿಚಯವಿರಲಿಲ್ಲ.

ಆದುದರಿಂದ ಕನ್ನಡಿಗರು ಮೊದಲು ಉಳಿಸಿದುದು ಮಾತನ್ನು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹವು ಹೆಂಗಸರ ತ್ರಿಪದಿಗಳಿಗೆ ಸಾಹಿತ್ಯದಲ್ಲಿ ಗೌರವದ ಸ್ಥಾನವನ್ನು ದೊರಕಿಸಿತು. ಶಿವಮೊಗ್ಗೆಯಲ್ಲಿ ಕರ್ನಾಟಕ ಸಂಘವು ಸ್ಥಾಪಿತವಾದುದೂ ಅದರ ಹಿಂದಿನ ವರುಷ, 1930ರಲ್ಲಿ. ಅದು ನುಡಿಯ ಅಭಿಮಾನವು ಎಲ್ಲೆಡೆಯೂ ಎಚ್ಚೆತ್ತ ಕಾಲ. ಆದರೆ ಅಚ್ಚಾದ ತ್ರಿಪದಿಯನ್ನು ಓದಿದ ಮಾತ್ರಕ್ಕೆ ಅದನ್ನು ಹಾಡುವ ಬಗೆ ತಿಳಿಯಲಾರದಷ್ಟೆ.

ಧಾಟಿಯನ್ನು ಊರಿನಿಂದಾಚೆಗೆ ಒಯ್ಯುವ ಕಾರ್ಯದಲ್ಲಿ ನೆರವಾದುದು ಆಕಾಶವಾಣಿ. ಮೈಸೂರಿನಲ್ಲಿ 1935ರಲ್ಲಿ ಡಾ॥ ಎಂ. ವಿ. ಗೋಪಾಲಸ್ವಾಮಿಯವರ ಬಾನುಲಿ ನಿಲಯದೊಡನೆ ಬಳಕೆಗೆ ಬಂದ ಆ ಹೆಸರು, 1965ರಲ್ಲಿ ಭದ್ರಾವತಿಗೂ ತಲುಪಿತು. 1923ರಿಂದ ಕಬ್ಬಿಣವನ್ನು ಕರಗಿಸುತ್ತಿದ್ದ ಕಾರ್ಖಾನೆಯ ಊರು ಮಲೆನಾಡಿನ ಹಾಡಿಗೂ ಒಂದು ನೆಲೆಯಾಯಿತು.

ಆ ಬಳಿಕ ಜಾನಪದದ ಧಾಟಿ ಇಡೀ ದೇಶದ ಕಿವಿಗೆ ಬಿದ್ದುದು ನಮ್ಮ ಜಿಲ್ಲೆಯವರೊಬ್ಬರ ಕಂಠದಿಂದ. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಜನಿಸಿದ ಶಿವಮೊಗ್ಗ ಸುಬ್ಬಣ್ಣನವರು, ಬೆಳಗಾವಿ ಸೀಮೆಯ ಚಂದ್ರಶೇಖರ ಕಂಬಾರರು ಜನಪದದ ಜಾಡಿನಲ್ಲಿ ರಚಿಸಿ ಸ್ವರ ಕೂಡಿಸಿದ ‘ಕಾಡು ಕುದುರೆ’ ಚಿತ್ರದ ಗೀತವನ್ನು ಹಾಡಿ, ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಕನ್ನಡಿಗ ಗಾಯಕರೊಬ್ಬರಿಗೆ ಆ ಮನ್ನಣೆ ದೊರೆತುದು ಅದೇ ಮೊದಲು. ಅವರು 2022ರಲ್ಲಿ ದಿವಂಗತರಾದರು. ಫಿಲಿಪೈನ್ಸಿನವರಿಗೆ ಪಿಯಾನೋ ಮಾಡಿದ ಉಪಕಾರವನ್ನು ನಮಗೆ ಮಾನವಕಂಠವೇ ಮಾಡಿತೆನ್ನಬಹುದು.

ಆದರೂ ಸಮಾಧಾನಕ್ಕೆ ಎಡೆಯಿಲ್ಲ. ಹೊಸದಾಗಿ ರಚಿತವಾದ ಗೀತವು ಹಳೆಯ ಹಾಡಿಗೆ ಗೌರವವೇ ಹೊರತು ಅದರ ಪ್ರತಿಯಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಆರದ ಜ್ಯೋತಿಯನ್ನು ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರಿಗೆ ಗೃಹಿಣಿಯು ಎಣ್ಣೆ ಎರೆಯುತ್ತಾಳೆ. ಎಣ್ಣೆ ನಿಂತರೆ ದೀಪವೂ ನಿಲ್ಲದು. ಹಾಡಿಗೂ ಇದೇ ನ್ಯಾಯ. ಧ್ವನಿಮುದ್ರಣದ ಸಲಕರಣೆಯು ಈಗ ಮನೆಮನೆಯಲ್ಲಿಯೂ ಇದೆ. ಹಸೆಯ ಹಾಡು, ಸೋಬಾನೆಗಳನ್ನು ಬಲ್ಲ ಹಿರಿಯರು ಮನೆಯಲ್ಲಿರುವವರು ಅವುಗಳನ್ನು ಹಾಡಿಸಿ ಮುದ್ರಿಸಿಕೊಳ್ಳಲಿ. ಊರು, ಸಂದರ್ಭ, ಹಾಡಿದವರ ಹೆಸರುಗಳನ್ನು ಬರೆದಿಡಲಿ. ಸಂಗೀತ ಬಲ್ಲವರಿಂದ ಸ್ವರಲಿಪಿಯನ್ನೂ ಬರೆಯಿಸಲಿ. ಮಾತನ್ನು ಉಳಿಸಿದ ನಾಡು ಧಾಟಿಯನ್ನೂ ಉಳಿಸಿಕೊಳ್ಳಬೇಕಾದುದು ಉಚಿತವಲ್ಲವೆ?