ಪ್ರಾಚೀನ ಪಾಠಶಾಲೆಗಳಲ್ಲಿ ಗೈರುಹಾಜರಿ ಮತ್ತು ಸುಳ್ಳು

ಪಾಠಶಾಲೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿಗೆ ಬಂದು ಕುಳಿತವರನ್ನು ಕುರಿತು ಬರೆಯುವರು. ಬಾರದೆ ಉಳಿದವನು ಎಲ್ಲಿ ಅಲೆದನು, ಮನೆಗೆ ಹಿಂದಿರುಗಿ ಏನೆಂದು ಹೇಳಿದನು, ಆ ಮಾತು ಸುಳ್ಳೆಂದು ತಿಳಿದಾಗ ಅವನಿಗೆ ಒದಗಿದ ಫಲವೇನು ಎಂಬ ಪ್ರಶ್ನೆಗಳು ಕ್ಷುಲ್ಲಕವೆಂದು ತೋರಬಹುದು. ಆದರೆ ವಿದ್ಯಾಭ್ಯಾಸದ ವೆಚ್ಚವನ್ನು ಯಾರು ಹೊರುತ್ತಿದ್ದರು, ಹುಡುಗನ ಮೇಲೆ ಯಾರಿಗೆ ಅಧಿಕಾರವಿದ್ದಿತು ಎಂಬ ದೊಡ್ಡ ಪ್ರಶ್ನೆಗಳಿಗೆ ಈ ಸಣ್ಣ ಪ್ರಶ್ನೆಗಳ ಮೂಲಕವೇ ದಾರಿ ದೊರೆಯುವುದೆಂದು ನಾವು ಭಾವಿಸುತ್ತೇವೆ. ಪ್ರಕೃತ ಲೇಖನದಲ್ಲಿ ಸುಮೇರಿಯನ್, ಗ್ರೀಕ್ ಮತ್ತು ರೋಮನ್ ಸಾಕ್ಷ್ಯಗಳನ್ನು ಮಾತ್ರ ಪರಿಶೀಲಿಸಿದ್ದೇವೆ. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಪ್ರಾಚೀನವೂ ಸಮೃದ್ಧವೂ ಆದುದು.

ಇರಾಕಿನ ದಕ್ಷಿಣ ಭಾಗದಲ್ಲಿರುವ ನಿಪ್ಪುರ್ ನಗರದ ಅವಶೇಷಗಳನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು 1889ರಲ್ಲಿ ಅಗೆಯಲಾರಂಭಿಸಿದರು. ಅಲ್ಲಿ ದೊರೆತ ಜೇಡಿಮಣ್ಣಿನ ಫಲಕಗಳಲ್ಲಿ ಹಲವು ಪಾಠಶಾಲೆಯ ಹುಡುಗರು ನಕಲು ಮಾಡಿದವು. ಪಾಠಶಾಲೆಗೆ ಸುಮೇರಿಯನ್ ಭಾಷೆಯಲ್ಲಿ ‘ಎದುಬ್ಬ’, ಅಂದರೆ ಫಲಕಗಳ ಮನೆ ಎಂದು ಹೆಸರು. ಈ ನಕಲುಗಳ ಕಾಲಕ್ಕೆ, ಎಂದರೆ ಕ್ರಿ. ಪೂ. 18ನೆಯ ಶತಮಾನದ ಸುಮಾರಿಗೆ, ಸುಮೇರಿಯನ್ ಜನರ ಆಡುಮಾತಾಗಿ ಉಳಿದಿರಲಿಲ್ಲ. ಹುಡುಗರು ಮನೆಯಲ್ಲಿ ಆಡುತ್ತಿದ್ದುದು ಅಕ್ಕಾಡಿಯನ್. ಸತ್ತ ಭಾಷೆಯೊಂದನ್ನು, ನೂರಾರು ಚಿಹ್ನೆಗಳ ಲಿಪಿಯೊಡನೆ, ವರ್ಷಗಟ್ಟಲೆ ಕಲಿಯಬೇಕಾಗಿದ್ದಿತು. ಒಂದು ಫಲಕದಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ತಿಂಗಳ ಲೆಕ್ಕವನ್ನು ಕೊಟ್ಟಿರುವನು: ಬಿಡುವಿನ ದಿನಗಳು 3, ಹಬ್ಬದ ದಿನಗಳು 3, ಉಳಿದ 24 ದಿನಗಳೂ ಫಲಕಗಳ ಮನೆಯಲ್ಲಿಯೇ. ಇಂತಹ ಕಡೆಯಿಂದ ಹುಡುಗನೊಬ್ಬನು ತಪ್ಪಿಸಿಕೊಂಡನೆಂದರೆ ನಾವು ಬಹಳವಾಗಿ ಆಶ್ಚರ್ಯಪಡಬೇಕಾಗಿಲ್ಲ.

ಹಾಗೆ ತಪ್ಪಿಸಿಕೊಂಡವನ ವೃತ್ತಾಂತವು ಒಂದು ಸಂಭಾಷಣೆಯ ರೂಪದಲ್ಲಿ ಉಳಿದುಬಂದಿದೆ. ಚೂರುಚೂರಾಗಿ ದೊರೆತ ಹಲವು ಫಲಕಗಳನ್ನು ಜೋಡಿಸಿ ಅದರ ಸಾರವನ್ನು ಲೋಕಕ್ಕೆ ಮೊದಲು ಪರಿಚಯಿಸಿದವರು ಸ್ಯಾಮುಯೆಲ್ ನೋವಾ ಕ್ರೇಮರ್. 1973ರಲ್ಲಿ ಶೋಬೆರ್ಗ್ ಎಂಬ ವಿದ್ವಾಂಸರು ಪೂರ್ಣ ಪಾಠವನ್ನು ಪ್ರಕಟಿಸಿದರು. ತಂದೆಯು ಲಿಪಿಕಾರ. ಎಲ್ಲಿಗೆ ಹೋಗಿದ್ದೆಯೆಂದು ಅವನು ಮಗನನ್ನು ಕೇಳುತ್ತಾನೆ. ಎಲ್ಲಿಗೂ ಇಲ್ಲವೆಂದು ಮಗನು ಉತ್ತರಿಸುತ್ತಾನೆ. ಎಲ್ಲಿಗೂ ಹೋಗದಿದ್ದ ಪಕ್ಷದಲ್ಲಿ ಹೀಗೆ ಕಾಲಹರಣ ಮಾಡುತ್ತಿರುವುದೇಕೆಂದು ತಂದೆಯು ಆ ಉತ್ತರವನ್ನೇ ಹಿಡಿದು ನಿಲ್ಲಿಸುತ್ತಾನೆ. ಅನಂತರ ಪಾಠಶಾಲೆಗೆ ಹೋಗಿ ಪಾಠವನ್ನೊಪ್ಪಿಸಿ, ಫಲಕವನ್ನು ಬರೆದು, ಬೀದಿಯಲ್ಲಿ ಅಲೆಯದೆ ನೇರವಾಗಿ ತನ್ನ ಬಳಿಗೆ ಬರಬೇಕೆಂದು ವಿಧಿಸಿ, ಅಷ್ಟಕ್ಕೇ ಬಿಡದೆ, ಹೇಳಿದುದನ್ನೆಲ್ಲ ಮಗನ ಬಾಯಿಂದಲೇ ಮತ್ತೆ ಹೇಳಿಸುತ್ತಾನೆ. ಈ ಕೊನೆಯ ವಿವರವು ನಮಗೆ ಬಹು ಮುಖ್ಯವೆಂದು ತೋರುತ್ತದೆ. ಮಗನ ಮಾತಿನಲ್ಲಿ ನಂಬಿಕೆ ಹೋಗಿದೆ. ಸರಳವಾದ ‘ಆಗಲಿ’ ಎಂಬ ಉತ್ತರವನ್ನೂ ತಂದೆಯು ಇನ್ನು ಸ್ವೀಕರಿಸಲಾರ. ಶಿಕ್ಷೆಯೆಂಬುದು ಇದ್ದರೆ ಮೊದಲನೆಯ ಶಿಕ್ಷೆ ಇದೇ.

ಮುಂದೆ ಬರುವುದು ದೀರ್ಘವಾದ ಪ್ರಲಾಪ. ಉಳಿದವರ ಮಕ್ಕಳಂತೆ ಜೊಂಡನ್ನು ಹೊರಲು ನಿನ್ನನ್ನು ಕಳುಹಿಸಲಿಲ್ಲ, ನೇಗಿಲ ಹಿಂದೆ ನಡೆಸಲಿಲ್ಲ, ದುಡಿದು ನನ್ನನ್ನು ಸಾಕೆಂದು ಕೇಳಲಿಲ್ಲ ಎಂದು ತಂದೆಯು ಕೊರಗುತ್ತಾನೆ. ಮಗನು ತಂದೆಯ ವೃತ್ತಿಯನ್ನು ಅನುಸರಿಸಬೇಕೆಂಬುದು ಎನ್ಲಿಲ್ ದೇವನ ಕಟ್ಟಳೆಯೆಂದೂ, ಎಲ್ಲ ಕಸುಬುಗಳಲ್ಲಿ ಲಿಪಿಕಾರನದೇ ಕಠಿನವಾದುದೆಂದೂ ಹೇಳುತ್ತಾನೆ. ಕ್ರಿ. ಪೂ. 2000ದ ಸುಮಾರಿನ 500 ಮಂದಿ ಲಿಪಿಕಾರರ ತಂದೆಯರ ಉದ್ಯೋಗಗಳನ್ನು 1946ರಲ್ಲಿ ಷ್ನೈಡರ್ ಎಂಬವರು ಪಟ್ಟಿಮಾಡಿ ನೋಡಿದಾಗ, ಅವರಲ್ಲಿ ಪ್ರಾಂತಾಧಿಪತಿಗಳು, ದೇವಾಲಯದ ಅಧಿಕಾರಿಗಳು, ಸೇನಾಧಿಕಾರಿಗಳು, ಲಿಪಿಕಾರರು ಮೊದಲಾದ ಸ್ಥಿತಿವಂತರೇ ಕಂಡುಬಂದರು. ಆದುದರಿಂದ ಬೀದಿಯಲ್ಲಿ ಅಲೆದ ಹುಡುಗನು ಪಣಕ್ಕೊಡ್ಡಿದುದು ಒಂದು ದಿನದ ಪಾಠವನ್ನಲ್ಲ, ಮನೆತನದ ಅಂತಸ್ತನ್ನು. ತಪ್ಪಿದರೆ ಅವನಿಗೆ ಉಳಿಯುವುದು ಜೊಂಡಿನ ಹೊರೆ ಮತ್ತು ನೇಗಿಲು. ಇಷ್ಟೆಲ್ಲ ಬೈದ ತಂದೆಯು ಕಡೆಗೆ ಚಂದ್ರದೇವನಾದ ನನ್ನನ ಅನುಗ್ರಹವು ಮಗನಿಗೆ ಲಭಿಸಲೆಂದು ಹರಸುತ್ತಾನೆಂಬುದನ್ನೂ ಮರೆಯಬಾರದು.

ಸುಳ್ಳು ಹೇಳಿದುದು ತಂದೆಗೆ, ಉಪಾಧ್ಯಾಯನಿಗಲ್ಲ ಎಂಬ ಅಂಶವನ್ನು ಇಲ್ಲಿ ಗಮನಿಸಬೇಕು. ಇದಕ್ಕೆ ಕಾರಣವು ಭೂಶೋಧನೆಯಿಂದ ತಿಳಿಯುತ್ತದೆ. ಎದುಬ್ಬವು ಅರಮನೆಗೆ ಸೇರಿದ ದೊಡ್ಡ ಸಂಸ್ಥೆಯೆಂದು ಹಿಂದಿನ ವಿದ್ವಾಂಸರು ಊಹಿಸಿದ್ದರು. ಆದರೆ ನಿಪ್ಪುರಿನಲ್ಲಿ 1951-52ರಲ್ಲಿ ಅಗೆದ, ‘ಎಫ್’ ಎಂಬ ಅಕ್ಷರದಿಂದ ಗುರುತಿಸಲಾದ ಕಟ್ಟಡವು ಕೆಲವೇ ಕೋಣೆಗಳುಳ್ಳ ಸಾಧಾರಣ ವಾಸದ ಮನೆ. ಅದರಲ್ಲಿ ಸುಮಾರು 1400 ಫಲಕಗಳೂ ಫಲಕದ ತುಂಡುಗಳೂ, ಹಳೆಯ ಫಲಕಗಳನ್ನು ನೆನೆಸಿ ಮತ್ತೆ ಮಣ್ಣಾಗಿಸಲು ಕಟ್ಟಿದ ತೊಟ್ಟಿಯೂ ದೊರೆತವು. ಅಂತಹ ಮನೆಯಲ್ಲಿ ಏಕಕಾಲಕ್ಕೆ ಕುಳಿತಿರಬಹುದಾದ ಹುಡುಗರು ಬೆರಳೆಣಿಕೆಯಷ್ಟು ಮಾತ್ರ. ಒಬ್ಬನು ಬಾರದಿದ್ದರೆ ಗುರುವಿಗೆ ಆ ಕ್ಷಣವೇ ತಿಳಿಯುವುದು. ಸುಳ್ಳಿಗೆ ಎಡೆಯಿದ್ದುದು ಮನೆಯಲ್ಲಿ ಮಾತ್ರ. ರಾಜ್ಯವಂತೂ ಈ ವಿಷಯದಲ್ಲಿ ಏನನ್ನೂ ಕೇಳುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 1880ರ ಕಾಯಿದೆಯು 5ರಿಂದ 10 ವರ್ಷದ ಮಕ್ಕಳ ಹಾಜರಿಯನ್ನು ಕಡ್ಡಾಯಗೊಳಿಸಿದ ಮೇಲೆ ಅಧಿಕಾರಿಯ ಮುಂದೆ ಉತ್ತರ ಹೇಳಿ ದಂಡ ತೆರಬೇಕಾದವನು ತಂದೆಯೇ ಆದನು. ಅಲ್ಲಿಂದ ಮುಂದೆ ಮಗುವಿನ ವಯಸ್ಸು, ಕಾಯಿಲೆ ಇವುಗಳ ಬಗ್ಗೆ ಸುಳ್ಳು ಹೇಳುವ ಸರದಿಯೂ ಅವನದಾಯಿತು. ನಿಪ್ಪುರಿನ ತಂದೆಯು ಪ್ರಶ್ನಿಸುವವನು ಮಾತ್ರ.

ಹಾಗಾದರೆ ಹಿರಿಯರೆಲ್ಲರೂ ಸತ್ಯವಂತರಾಗಿದ್ದರೇ? ಕ್ರೇಮರ್ ಅವರು 1949ರಲ್ಲಿ ಪ್ರಕಟಿಸಿದ ಇನ್ನೊಂದು ರಚನೆಯು ಈ ಭ್ರಮೆಯನ್ನು ಹೋಗಲಾಡಿಸುತ್ತದೆ. ಅದರಲ್ಲಿ ಬರುವ ವಿದ್ಯಾರ್ಥಿಯು ತಡವಾದೀತೆಂದು ಎದೆ ಹೊಡೆದುಕೊಳ್ಳುತ್ತ ಪಾಠಶಾಲೆಗೆ ಓಡುವವನು. ಆದರೂ ಒಂದೇ ದಿನದಲ್ಲಿ ಮಾತನಾಡಿದುದಕ್ಕೆ, ಎದ್ದು ನಿಂತುದಕ್ಕೆ, ಅಪ್ಪಣೆಯಿಲ್ಲದೆ ಬಾಗಿಲು ದಾಟಿದುದಕ್ಕೆ, ಅಕ್ಷರವು ದುಂಡಗಿಲ್ಲದುದಕ್ಕೆ, ಒಬ್ಬೊಬ್ಬ ಮೇಲ್ವಿಚಾರಕನಿಂದಲೂ ಏಟು ತಿನ್ನುತ್ತಾನೆ. ಕೊನೆಗೆ ಮಗನ ಸಲಹೆಯಂತೆ ತಂದೆಯು ಗುರುವನ್ನು ಮನೆಗೆ ಕರೆದು ಉಚ್ಚಾಸನದಲ್ಲಿ ಕುಳ್ಳಿರಿಸಿ ಊಟವಿಟ್ಟು, ಹೊಸ ಬಟ್ಟೆಯನ್ನು ಹೊದಿಸಿ, ಬೆರಳಿಗೆ ಉಂಗುರ ತೊಡಿಸುತ್ತಾನೆ. ಒಡನೆಯೇ ಗುರುವಿನ ದೃಷ್ಟಿಯಲ್ಲಿ ಅದೇ ಹುಡುಗನು ಸಹೋದರರಲ್ಲೆಲ್ಲ ಶ್ರೇಷ್ಠನಾಗುತ್ತಾನೆ! ಏಟು ಹುಸಿಯೋ ಹೊಗಳಿಕೆ ಹುಸಿಯೋ ಎಂಬುದನ್ನು ವಾಚಕರೇ ನಿರ್ಣಯಿಸಬಹುದು. ಇವೆರಡು ರಚನೆಗಳನ್ನೂ ಬರೆದವರು ಉಪಾಧ್ಯಾಯರ ವರ್ಗದವರು, ನಕಲು ಮಾಡಿದವರು ಹುಡುಗರು ಎಂಬುದನ್ನು ನೆನೆದರೆ ಇಲ್ಲಿ ಹಾಸ್ಯವೂ ಬೆರೆತಿದೆಯೆಂದು ಒಪ್ಪಬೇಕಾಗುತ್ತದೆ. ಇವು ನಡೆದ ಘಟನೆಯ ವರದಿಗಳಲ್ಲ. ಆದರೆ ಎಲ್ಲರಿಗೂ ಪರಿಚಿತವಾದ ಸಂಗತಿಯಾಗಿಲ್ಲದಿದ್ದರೆ ನಗೆಗೂ ಆಸ್ಪದವಿರುತ್ತಿರಲಿಲ್ಲ.

ಈ ಫಲಕಗಳಿಂದ ಒಂದೂವರೆ ಸಾವಿರ ವರ್ಷ ಈಚೆಗೆ, ಕ್ರಿ. ಪೂ. 3ನೆಯ ಶತಮಾನದ ಗ್ರೀಕ್ ಕವಿ ಹೆರೋಡಸನಲ್ಲಿ ನಮಗೆ ದೊರೆಯುವುದು ಬಡವರ ಮನೆ. ಬ್ರಿಟಿಷ್ ಮ್ಯೂಸಿಯಮ್ಮಿನ ಒಂದು ಪಪೈರಸ್ ಸುರುಳಿಯಿಂದ 1891ರಲ್ಲಿ ಬೆಳಕಿಗೆ ಬಂದ ಅವನ ಕಿರುರೂಪಕವೊಂದರಲ್ಲಿ ಮೆಟ್ರೊಟಿಮೆ ಎಂಬ ತಾಯಿಯು ಮಗ ಕೊತ್ತಲೋಸನನ್ನು ಗುರುವಿನೆದುರಿಗೆ ಎಳೆತರುತ್ತಾಳೆ. ಹುಡುಗನಿಗೆ ಶಾಲೆಯ ಬಾಗಿಲೇ ತಿಳಿಯದು. ಹೊರೆಯಾಳುಗಳೂ ಓಡಿಬಂದ ಗುಲಾಮರೂ ಸೇರುವ ಜೂಜಿನ ಕಟ್ಟೆಯು ಚೆನ್ನಾಗಿ ತಿಳಿದಿದೆ. ರಜೆಯ ದಿನಗಳನ್ನು ಮಾತ್ರ ಜೋಯಿಸರಿಗಿಂತ ಖಚಿತವಾಗಿ ಬಲ್ಲ. ತಾಯಿ ತಿಂಗಳು ತಿಂಗಳೂ ಶ್ರಮಪಟ್ಟು ಮೇಣ ಹಚ್ಚುವ ಬರೆಯುವ ಹಲಗೆಯು ಮೂಲೆಯಲ್ಲಿ ಅನಾಥವಾಗಿ ಬಿದ್ದಿದೆ. ತಂದೆಯು ‘ಮಾರೋನ್’ ಎಂಬ ಹೆಸರನ್ನು ಹೇಳಿದರೆ ಇವನು ‘ಸಿಮೋನ್’ ಎಂದು ಬರೆಯುತ್ತಾನೆ. ಗದರಿದರೆ ಮೂರು ದಿನ ಮನೆಯ ಹೊಸ್ತಿಲನ್ನೇ ಮೆಟ್ಟದೆ ಬಡ ಅಜ್ಜಿಯನ್ನು ಸುಲಿಯುತ್ತಾನೆ, ಇಲ್ಲವೇ ಕಪಿಯಂತೆ ಮಾಡಿನ ಮೇಲೆ ಕುಳಿತು ಹೆಂಚುಗಳನ್ನು ಒಡೆಯುತ್ತಾನೆ. ಆ ಹೆಂಚುಗಳ ಬೆಲೆಯನ್ನೂ, ತಿಂಗಳ ಮೂವತ್ತನೆಯ ದಿನ ಗುರುವಿನ ಸಂಬಳವನ್ನೂ ತಪ್ಪದೆ ತೆರಬೇಕಾದವಳು ತಾಯಿ. ಅವಳ ಕೋಪದಲ್ಲಿ ಪ್ರತಿಯೊಂದು ಕಾಸಿನ ಲೆಕ್ಕವೂ ಅಡಗಿದೆ. ಚಾವಟಿಯ ಕೆಳಗೆ ಹುಡುಗನು ಇನ್ನೆಂದಿಗೂ ಹಾಗೆ ಮಾಡುವುದಿಲ್ಲವೆಂದು ಆಣೆಯಿಡುತ್ತಾನೆ. ಗುರುವು ಹೊಡೆಯುವುದನ್ನು ನಿಲ್ಲಿಸಿದರೂ ತಾಯಿ ನಂಬುವುದಿಲ್ಲ. ಕಾಲಿಗೆ ಕೋಳ ತರುವುದಾಗಿ ಹೇಳಿ ಹೊರಡುತ್ತಾಳೆ.

ಇಲ್ಲಿಯವರೆಗೆ ಕೇಳಿಬಂದುದೆಲ್ಲ ಹಿಡಿದವರ ಧ್ವನಿ. ಸಿಕ್ಕಿಬಿದ್ದವನೇ ಬೆಳೆದು ಬರೆದುದು ಅಪೂರ್ವ. ರೋಮಿನ ವಿಡಂಬನಕವಿ ಪರ್ಸಿಯಸ್ ಪಾಠವೊಪ್ಪಿಸುವುದನ್ನು ತಪ್ಪಿಸಿಕೊಳ್ಳಲು ಬಾಲ್ಯದಲ್ಲಿ ಕಣ್ಣಿಗೆ ಎಣ್ಣೆ ಸವರಿಕೊಳ್ಳುತ್ತಿದ್ದುದನ್ನು ಹಾದಿಯಲ್ಲಿ ಹೇಳಿಹೋಗುವನು, ಅಷ್ಟೆ. ಇಂದಿನ ಅಲ್ಜೀರಿಯದ ತಗಾಸ್ತೆಯಲ್ಲಿ 354ರಲ್ಲಿ ಹುಟ್ಟಿದ ಅಗಸ್ಟೀನನು ಮಾತ್ರ, 400ರ ಸುಮಾರಿಗೆ ಬರೆದ ತನ್ನ ಆತ್ಮನಿವೇದನೆಯ ಮೊದಲನೆಯ ಭಾಗದಲ್ಲಿ, ಆಟದ ಮತ್ತು ನೋಟದ ಆಸೆಯಿಂದ ಕಾವಲಿನ ಆಳಿಗೂ ಗುರುಗಳಿಗೂ ತಂದೆತಾಯಿಗಳಿಗೂ ಲೆಕ್ಕವಿಲ್ಲದಷ್ಟು ಸುಳ್ಳು ಹೇಳಿದೆನೆಂದು ಒಪ್ಪಿಕೊಳ್ಳುತ್ತಾನೆ. ಮನೆಯ ಉಗ್ರಾಣದಿಂದ ಕದ್ದುದನ್ನೂ ಮುಚ್ಚಿಡುವುದಿಲ್ಲ. ಆದರೆ ಅದೇ ಉಸಿರಿನಲ್ಲಿ ತನ್ನನ್ನು ಹೊಡೆದವರ ಕಡೆಗೂ ತಿರುಗುತ್ತಾನೆ. ಹಿರಿಯರ ಆಟಗಳಿಗೆ ವ್ಯವಹಾರವೆಂದು ಹೆಸರು. ಹುಡುಗರು ಆಡಿದರೆ ಮಾತ್ರ ಹಿರಿಯರಿಂದ ಏಟು. ಕ್ಷುಲ್ಲಕ ವಾದವೊಂದರಲ್ಲಿ ಸಹೋದ್ಯೋಗಿಯೆದುರು ಸೋತ ಉಪಾಧ್ಯಾಯನು, ಚೆಂಡಾಟದಲ್ಲಿ ಸೋತ ಹುಡುಗನಿಗಿಂತ ಹೆಚ್ಚಾಗಿ ಮತ್ಸರದಿಂದ ಬೇಯುತ್ತಿದ್ದನಂತೆ. ಏಟು ಬೀಳದಿರಲೆಂದು ಆ ಬಾಲಕನು ದೇವರಲ್ಲಿ ಮೊರೆಯಿಟ್ಟಾಗ, ಅವನಿಗೆ ಕೇಡನ್ನು ಬಯಸದ ತಂದೆತಾಯಿಗಳೂ ಅವನ ಬಾಸುಂಡೆಗಳನ್ನು ನೋಡಿ ನಕ್ಕರು. ನಲವತ್ತು ದಾಟಿದ ಮೇಲೆಯೂ, ಧರ್ಮಾಧ್ಯಕ್ಷನಾದ ಮೇಲೆಯೂ, ಆ ನಗೆಯನ್ನು ಅವನು ಮರೆತಿರಲಿಲ್ಲ.